ಒಂಬತ್ತು ಹೆಜ್ಜೆ ಒಳಕ್ಕೆ ಬಂದ ಸುಣ್ಣದ ಗೆರೆ

ಆ ಮಕ್ಕಳ ಸುದ್ದಿ ಸಸಿಯಮ್ಮನ ಕಿವಿಗೆ ಮೊದಲು ಬಿದ್ದ ದಿನ ಅವಳು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಕೂತಿದ್ದಳು. ನರ್ಸರಿಯ ತಗಡಿನ ಚಪ್ಪರದ ಕೆಳಗೆ, ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಿ ಒಂದೊಂದರಲ್ಲೂ ಒಂದೊಂದು ಸಸಿ ಕೂರಿಸುವ ಕೆಲಸ. ನರ್ಸರಿಯ ಧಣಿ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದು ನಿಂತ.

"ಹಿಂದಿನ ದಿಬ್ಬ ಕೊಟ್ಟುಬಿಟ್ಟೆ ಕಣಮ್ಮ. ಆಸ್ಪತ್ರೆಯವರು ತಗೊಂಡ್ರು. ಕಾಯಿಲೆ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡ್ತಾರಂತೆ."

"ಕಾಯಿಲೆ ಅಂದ್ರೆ? ನೆಗಡಿ ಕೆಮ್ಮಾ?"

"ಅಲ್ಲ, ದೊಡ್ಡ ಕಾಯಿಲೆ. ಔಷಧಿ ಕೊಟ್ರೆ ತಲೆಕೂದಲೆಲ್ಲ ಉದುರುತ್ತಲ್ಲ, ಅಂಥದ್ದು. ಕೆಲವು ಮಕ್ಕಳು ಗಾಲಿಕುರ್ಚಿಯಲ್ಲೇ ಇರೋದು."

"ಅಂಥ ಮಕ್ಕಳಿಗೆ ಮಂಚ ಬೇಕು, ಡಾಕ್ಟರು ಬೇಕು. ದಿಬ್ಬ ಯಾಕೆ? ಹತ್ತಿ ಇಳಿದು ಆಟ ಆಡೋಕಾ?" ಎಂದಳು ಸಸಿಯಮ್ಮ, ತಲೆ ಎತ್ತದೆ.

ಅಕ್ಕಪಕ್ಕ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವಳೂ ನಕ್ಕಳು. ಮಕ್ಕಳ ಮೇಲಿನ ಕನಿಕರದಿಂದ ಆಡಿದ ಮಾತಾಗಿರಲಿಲ್ಲ ಅದು. ದಿಬ್ಬದ ಮಧ್ಯದಲ್ಲಿ ಅವಳ ಹಿಪ್ಪುನೇರಳೆ ಮರ ಇತ್ತು. ಅದು ಹೋಗುತ್ತದಲ್ಲ ಎಂಬ ಸಿಟ್ಟು ಮಾತ್ರ ಆ ಮಾತಿನಲ್ಲಿತ್ತು. ಆ ಮಾತು ಆಡಿದ್ದಕ್ಕೂ ಆಮೇಲೆ ಅವಳು ಎಷ್ಟೋ ದಿನ ನಾಲಿಗೆ ಕಚ್ಚಿಕೊಂಡಳು. ಆದರೆ ಆಮೇಲೆ ಮಾಡಿದ್ದರ ಮುಂದೆ ಆ ಮಾತು ಏನೇನೂ ಅಲ್ಲ.

ಗಂಡ ತೀರಿಕೊಂಡ ವರ್ಷ ಅವಳು ನರ್ಸರಿಗೆ ಸೇರಿದ್ದು. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ತನ್ನ ಹೆಸರು ಬರೆಯುವಳು, ಬಸ್ಸಿನ ಬೋರ್ಡು ಓದುವಳು, ಅಷ್ಟೆ. ಅದೇ ವರ್ಷ ಕಸದ ಗುಂಡಿಗೆ ಎಸೆದಿದ್ದ ಒಂದು ಒಣಕಲು ಕಡ್ಡಿಯಲ್ಲಿ ಚಿಗುರು ಕಂಡು, ತಂದು ದಿಬ್ಬದಲ್ಲಿ ಊರಿದ್ದಳು. ನರ್ಸರಿಯಲ್ಲಿ ಪ್ರತಿ ಗಿಡದ ಕೊರಳಿಗೂ ಒಂದು ಬೆಲೆಚೀಟಿ ಇರುತ್ತದೆ. ಚೀಟಿ ಇಲ್ಲದ ಗಿಡ ಅದೊಂದೇ. ಹನ್ನೊಂದು ವರ್ಷ ಮಧ್ಯಾಹ್ನದ ಬುತ್ತಿಯನ್ನು ಅವಳು ಅದರ ನೆರಳಲ್ಲೇ ಬಿಚ್ಚಿದ್ದಳು.

ಶಿಬಿರದ ಜಾಗವನ್ನು ರೂಪಿಸಲು ಬಂದವರನ್ನು ಎಲ್ಲರೂ ಸುಣ್ಣದ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಿಕ್ಕಂದಿನಲ್ಲಿ ಭೂಮಿ ಅಳೆಯುವವರ ಹಿಂದೆ ಸರಪಳಿ ಎಳೆದು, ಆಮೇಲೆ ಅವರಿವರ ಮನೆಯ ತೋಟ, ಊರಿನ ಉದ್ಯಾನ ಅಂತ ಮಾಡಿಕೊಡುತ್ತಾ ಅರವತ್ತು ದಾಟಿದ್ದರು. ಸೈಕಲ್ಲಿಗೆ ಸುಣ್ಣದ ಪುಡಿಯ ಡಬ್ಬ ನೇತುಹಾಕಿಕೊಂಡು ಬರುವರು. ನಕ್ಷೆಯನ್ನು ಕಾಗದದ ಮೇಲೆ ಬರೆಯುವ ಅಭ್ಯಾಸವೇ ಇಲ್ಲ. ನಡೆದು ನಡೆದು, ಅಳೆದು ಅಳೆದು, ನೆಲದ ಮೇಲೆಯೇ ಸುಣ್ಣದಲ್ಲಿ ಗೆರೆ ಎಳೆದರೆ ಅದೇ ನಕ್ಷೆ. ಆಸ್ಪತ್ರೆಯ ಆಫೀಸಿಗೆ ತೋರಿಸಲು ಒಂದು ಚಿತ್ರ ಗೀಚಿ ಕೊಟ್ಟಿದ್ದರು, ಅದರಲ್ಲಿ ಅಳತೆ ಇರಲಿಲ್ಲ.

ಕೆಲಸ ಒಪ್ಪಿಕೊಂಡ ಮೇಲೆ ಹದಿನೈದು ದಿನ ಅವರು ದಿಬ್ಬದ ಕಡೆ ತಲೆಯನ್ನೇ ಹಾಕಲಿಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತಿದ್ದರಂತೆ. ಆಮೇಲೆ ದಿಬ್ಬಕ್ಕೆ ಬಂದು ಸಸಿಯಮ್ಮನ ಎದುರು ನಿಂತು, "ನಿಮ್ಮ ಧಣಿ ನಿನ್ನನ್ನ ನನಗೆ ಕೊಟ್ಟಿದಾರೆ, ಆರು ತಿಂಗಳಿಗೆ. ಈ ದಿಬ್ಬದ ಕಲ್ಲು ಕಲ್ಲೂ ಗೊತ್ತಂತೆ ನಿನಗೆ?" ಎಂದರು.

"ಕಲ್ಲಿಗೂ ನಾನು ಗೊತ್ತು ಮೇಷ್ಟ್ರೇ. ಎಷ್ಟು ಸಲ ಎಡವಿದೀನಿ!"

ಅವರು ನಕ್ಕು ಸುಣ್ಣದ ಡಬ್ಬ ಅವಳ ಕೈಗೆ ಕೊಟ್ಟರು.

ಅಲ್ಲಿಂದ ಶುರುವಾದದ್ದು ಸಸಿಯಮ್ಮ ಕಂಡು ಕೇಳರಿಯದ ಕೆಲಸ. ಗಿಡ ಚೆನ್ನಾಗಿದ್ದರೆ ಸಾಲದು, ಮಕ್ಕಳಿಗೆ ಆಗಿಬರಬೇಕು. ಮುಳ್ಳು ಬೇಡ. ನಿಂತ ನೀರು ಬೇಡ. ಔಷಧಿ ತಗೊಳ್ಳುವ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಇಪ್ಪತ್ತು ಹೆಜ್ಜೆಗೊಂದು ನೆರಳು ಬೇಕು. ಹೂವಿನ ಪಾತಿಗಳನ್ನು ನೆಲದಲ್ಲಿ ಮಾಡುವ ಹಾಗಿಲ್ಲ. ಮೇಜಿನ ಎತ್ತರಕ್ಕೆ ಕಟ್ಟಿ, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಡಬೇಕು, ಗಾಲಿಕುರ್ಚಿಯಲ್ಲಿ ಕೂತ ಮಗುವಿನ ಕೈಗೆ ಮಣ್ಣು ಸಿಗಬೇಕಲ್ಲ. ದಾರಿ ಎಷ್ಟು ಅಗಲ ಅಂದರೆ, "ಇಬ್ಬರು ಜಗಳ ಆಡ್ತಾ ಒಟ್ಟಿಗೆ ಹೋಗೋ ಅಷ್ಟು" ಎನ್ನುವರು ಮೇಷ್ಟ್ರು. ಘಾಟು ವಾಸನೆಗೆ ಮಕ್ಕಳಿಗೆ ವಾಂತಿ ಬರುತ್ತದೆ ಅಂತ, ಒಂದೊಂದು ಗಿಡವನ್ನೂ ತಾವೇ ಮೂಸಿ ನೋಡುವರು.

"ಇದು ಬೇಡ. ಇದೂ ಬೇಡ. ಇದು ಪರವಾಗಿಲ್ಲ."

"ನನ್ನನ್ನೂ ಒಂದ್ಸಲ ಮೂಸಿಬಿಡಿ ಮೇಷ್ಟ್ರೇ. ಇರಲೋ ಬೇಡವೋ ಹೇಳಿಬಿಡಿ," ಎಂದು ಸಸಿಯಮ್ಮ ರೇಗಿಸಿದರೆ, "ನೀನು ಗೊಬ್ಬರದ ವಾಸನೆ, ಮಕ್ಕಳಿಗೆ ಅಡ್ಡಿಯಿಲ್ಲ," ಎನ್ನುವರು.

ಇಷ್ಟೆಲ್ಲದರ ತಿರುಳು ಇದ್ದದ್ದು ದಿಬ್ಬದ ತುದಿಯಲ್ಲಿ. ಅಲ್ಲಿ ಬಳ್ಳಿ ಹಬ್ಬಿಸಿದ ಒಂದು ಗೂಡು ಮಾಡುವುದು, ದೊಡ್ಡವರು ಯಾರೂ ಅದರೊಳಗೆ ಹೋಗುವಂತಿಲ್ಲ ಎನ್ನುವುದು ಮೇಷ್ಟ್ರ ಯೋಚನೆ. ಅದನ್ನು ಅವರಿಗೆ ಕೊಟ್ಟವಳು ವಾರ್ಡಿನಲ್ಲಿದ್ದ ಒಂದು ಹುಡುಗಿ. ಒಂಬತ್ತು ವರ್ಷವಿರಬೇಕು, ಸದಾ ಕೆಂಪು ಉಣ್ಣೆಯ ಟೋಪಿ. ಏನು ಬೇಕಮ್ಮ ನಿನಗೆ, ಜಾರುಬಂಡೆಯಾ, ಜೋಕಾಲಿಯಾ ಅಂತ ಮೇಷ್ಟ್ರು ಕೇಳಿದರೆ, "ನನ್ನನ್ನ ಯಾರೂ ನೋಡದೇ ಇರೋ ಜಾಗ ಬೇಕು" ಅಂದಳಂತೆ.

"ಯಾಕೆ ಅಂತ ಕೇಳಿದೆ," ಎಂದು ಮೇಷ್ಟ್ರು ಸಸಿಯಮ್ಮನಿಗೆ ಹೇಳಿದರು. "'ಸುಮ್ಮನೆ' ಅಂದ್ಲು. ಆಮೇಲೆ ಗಮನಿಸಿದೆ ನಾನು. ಆ ಮಗು ಮಲಗಿದ್ರೂ ಒಬ್ರು ನೋಡ್ತಾರೆ, ಉಂಡ್ರೂ ಒಬ್ರು ನೋಡ್ತಾರೆ, ಬಚ್ಚಲಿಗೆ ಹೋದ್ರೂ ಬಾಗಿಲ ಹತ್ತಿರ ಅವರಮ್ಮ. ಎರಡು ವರ್ಷದಿಂದ ಒಂದು ಗಳಿಗೆ ಒಂಟಿಯಾಗಿ ಇದ್ದಿಲ್ಲ ಅದು."

"ಹಾಗಂತ ಒಂಟಿಯಾಗಿ ಬಿಡೋಕಾಗುತ್ತಾ?"

"ಕೂಗಿದ್ರೆ ಕೇಳೋ ದೂರದಲ್ಲಿ ಇರೋಣ. ಆದರೆ ಹತ್ತೋದು ಅವಳೇ ಹತ್ತಬೇಕು. ಯಾರಾದ್ರೂ ತಳ್ಳಿಕೊಂಡು ಹೋದ್ರೆ ತಳ್ಳಿದವರು ಅಲ್ಲಿಗೆ ಬಂದ ಹಾಗೇ ಆಯ್ತಲ್ಲ? ಆಮೇಲೆ ಆ ಗೂಡು ಕಟ್ಟೋದೂ ಒಂದೇ, ಬಿಡೋದೂ ಒಂದೇ."

ಅದಕ್ಕೇ ದಾರಿಯ ಏರು ಅವರಿಗೆ ಜೀವದ ಪ್ರಶ್ನೆ. ಇಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮಾತ್ರ ಮೇಲೇರಬೇಕು. ಅದಕ್ಕಿಂತ ಕಡಿದಾದರೆ ಸೋತ ಕೈಗಳಿಗೆ ಚಕ್ರ ತಿರುಗಿಸಲಾಗುವುದಿಲ್ಲ. ಆದ್ದರಿಂದ ದಾರಿಯನ್ನು ನೇರ ಒಯ್ಯದೆ, ದಿಬ್ಬದ ಒಂದು ಪಕ್ಕಕ್ಕೆ ಉದ್ದ ಒಯ್ದು ತಿರುಗಿಸಿ, ಮತ್ತೆ ಇನ್ನೊಂದು ಪಕ್ಕಕ್ಕೆ ಒಯ್ದು ತಿರುಗಿಸಿ, ಎರಡು ತಿರುವಿನಲ್ಲಿ ತುದಿ ಮುಟ್ಟಿಸಿದ್ದರು. ಎರಡನೇ ತಿರುವು ಬಂದದ್ದು ಸರಿಯಾಗಿ ಹಿಪ್ಪುನೇರಳೆಯ ಬುಡಕ್ಕೆ.

"ಅಯ್ಯೋ, ಈ ಮರ ಹೋಗಬೇಕಾಗುತ್ತಲ್ಲ," ಎಂದು ಮೇಷ್ಟ್ರು ಒಂದು ಗಳಿಗೆ ನಿಂತರು. "ಯಾರು ನೆಟ್ಟಿದ್ದೋ ಏನೋ."

ಆಗ ಬಾಯಿಬಿಡಬಹುದಿತ್ತು ಸಸಿಯಮ್ಮ. ನಾನೇ ನೆಟ್ಟಿದ್ದು ಮೇಷ್ಟ್ರೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಕಾಯಿಲೆ ಮಕ್ಕಳ ಮುಂದೆ ಒಂದು ಮರದ ಮಾತು ಎತ್ತುವುದು ಹೇಗೆ ಅನ್ನಿಸಿತೋ, ಇವರ ಮುಂದೆ ಸಣ್ಣವಳಾಗುತ್ತೇನೆ ಅನ್ನಿಸಿತೋ, ಡಬ್ಬ ಹಿಡಿದು ಸುಮ್ಮನೆ ಮುಂದೆ ನಡೆದಳು.

ಸಸಿಯಮ್ಮನಿಗೆ ನೆನಪಿನ ಶಕ್ತಿ ವಿಪರೀತ. ಮೇಷ್ಟ್ರು ಒಂದು ಸಲ ಅಳತೆ ಹೇಳಿದರೆ ತಿಂಗಳಾದ ಮೇಲೂ ಒಪ್ಪಿಸುವಳು. ಗೇಟಿನಿಂದ ಕಪ್ಪು ಬಂಡೆಗೆ ಅರವತ್ತೆರಡು ಹೆಜ್ಜೆ, ಬಂಡೆಯಿಂದ ಮೊದಲ ತಿರುವಿಗೆ ಮೂವತ್ತೆಂಟು. ಮೇಷ್ಟ್ರು ಅದನ್ನೇ ನೆಚ್ಚಿಕೊಂಡುಬಿಟ್ಟರು. ಆಸ್ಪತ್ರೆಯ ಆಫೀಸಿನ ಮೇಡಂ ಬಂದು, "ಅಳತೆ ಎಲ್ಲ ಬರೆದಿಟ್ಟಿದೀರಾ?" ಅಂದಾಗ, "ಇವಳೇ ನನ್ನ ಕಾಗದ. ಕಾಗದ ಒದ್ದೆಯಾದ್ರೆ ಹರಿದುಹೋಗುತ್ತೆ. ಸಸಿಯಮ್ಮ ಒದ್ದೆಯಾದ್ರೆ ತಲೆ ಒರೆಸ್ಕೊಂಡು ಬರ್ತಾಳೆ," ಎಂದಿದ್ದರು. ಅವತ್ತಿಡೀ ಅವಳು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ.

ಶಿಬಿರ ಶುರುವಾಗಲು ಐದು ವಾರ ಇದೆ ಅನ್ನುವಾಗ ಮೇಷ್ಟ್ರ ಮನೆಯಾಕೆಗೆ ಕಣ್ಣಿನ ಆಪರೇಷನ್ ಆಯಿತು. ಅವರು ಅತ್ತ ಹೋದ ಮಾರನೆ ದಿನವೇ ಅಕಾಲದ ಮಳೆ ಸುರಿದು ಸುಣ್ಣದ ಗೆರೆಗಳೆಲ್ಲ ಹಾಲಿನ ಹಾಗೆ ಹರಿದುಹೋದವು. ತಿರುವುಗಳ ಗುರುತಿಗೆ ಹೊಡೆದಿದ್ದ ಗೂಟಗಳನ್ನು ಅದಕ್ಕೂ ಮೊದಲೇ ನೀರಿನ ಪೈಪಿನವರು ಕಿತ್ತು ಒಂದು ಕಡೆ ಗುಡ್ಡೆ ಹಾಕಿದ್ದರು. ಮೇಷ್ಟ್ರು ಆಸ್ಪತ್ರೆಯಿಂದಲೇ ಫೋನ್ ಮಾಡಿದರು.

"ಗಾರೆಯವರು ನಾಳೆ ಬೆಳಿಗ್ಗೆ ಬರ್ತಾರೆ ಸಸಿಯಮ್ಮ. ಅವರನ್ನ ತಪ್ಪಿಸಿಕೊಂಡ್ರೆ ಮತ್ತೆ ಸಿಗಲ್ಲ. ನಿನಗೆಲ್ಲ ನೆನಪಿದೆಯಲ್ಲ?"

"ಇದೆ ಮೇಷ್ಟ್ರೇ."

"ಮತ್ತೆ ನನಗೇನು ಚಿಂತೆ. ಗೆರೆ ಹಾಕಿಬಿಡು."

ಹೊತ್ತು ಇಳಿಯುವ ಮೊದಲೇ ಅವಳು ಡಬ್ಬ ಹಿಡಿದು ಹೊರಟಳು. ಅರವತ್ತೆರಡು, ಮೂವತ್ತೆಂಟು, ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಮ್ಮಿ ಇಲ್ಲ. ಮೊದಲ ತಿರುವಿನಿಂದ ಎರಡನೆಯದಕ್ಕೆ ಐವತ್ನಾಲ್ಕು ಹೆಜ್ಜೆ. ನಲವತ್ತೈದಕ್ಕೆ ಬಂದಾಗ ಎದುರಿಗೆ ಮರ. ಮಳೆಗೆ ಮಿಂದು ಎಲೆ ಎಲೆಯೂ ತೊಟ್ಟಿಕ್ಕುತ್ತಿತ್ತು, ಕಾಯಿ ಆಗತಾನೇ ಕೆಂಪಗಾಗುತ್ತಿತ್ತು. ಸಸಿಯಮ್ಮ ನಿಂತಳು. ಒಂಬತ್ತು ಹೆಜ್ಜೆ. ಒಂಬತ್ತು ಹೆಜ್ಜೆಯಲ್ಲಿ ಏನು ಮಹಾ ಆಗಿಹೋಗುತ್ತದೆ? ಚಕ್ರ ತಾನೇ, ಉರುಳುತ್ತದೆ. ಹಾಗಂದುಕೊಂಡು ಅಲ್ಲೇ ಗೆರೆ ತಿರುಗಿಸಿಬಿಟ್ಟಳು. ನೆನಪು ತಪ್ಪಿ ಆದ ತಪ್ಪಲ್ಲ ಅದು. ಐವತ್ನಾಲ್ಕು ಅನ್ನುವುದು ಅವಳ ಬಾಯಲ್ಲೇ ಇತ್ತು.

ಬೆಳಿಗ್ಗೆ ಗಾರೆ ಮೇಸ್ತ್ರಿ ತಲೆ ಕೆರೆದುಕೊಂಡು ಕೇಳಿದ: "ಏನಕ್ಕಾ, ಈ ಮರ ಕಡೀಬೇಕು ಅಂತಿದ್ರಲ್ಲ?"

"ಬೇಡ ಅಂದ್ರು ಮೇಷ್ಟ್ರು. ಫೋನ್ ಮಾಡಿದ್ರು."

ಎರಡನೇ ತಪ್ಪು ಅದು. ಮೊದಲನೆಯದಕ್ಕಿಂತ ಸಲೀಸಾಗಿ ಬಾಯಿಂದ ಬಂತು.

ನಾಲ್ಕು ದಿನ ಬಿಟ್ಟು ಮೇಷ್ಟ್ರು ಬರುವ ಹೊತ್ತಿಗೆ ಸಿಮೆಂಟು ಹಾಸಿ ಮೇಲೆ ಒದ್ದೆ ಗೋಣಿ ಹೊದಿಸಿ ಆಗಿತ್ತು. ಅವರು ಮರದ ಹತ್ತಿರ ಬಂದು ನಿಂತರು.

"ಮರ ದಾರಿಗೆ ಅಡ್ಡ ಬರಲಿಲ್ವಾ?"

"ಇಲ್ಲ ಮೇಷ್ಟ್ರೇ. ಪಕ್ಕದಲ್ಲೇ ಹೋಯ್ತು."

"ಹೌದಾ? ನಾನು ಬುಡಕ್ಕೇ ಬರುತ್ತೆ ಅಂದುಕೊಂಡಿದ್ದೆ." ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ನೀನು ತಪ್ಪೋದಿಲ್ಲ ಬಿಡು. ನನಗೇ ಅರಳುಮರಳು."

ಅವರು ಜಗಳವಾಡುತ್ತಾರೆ, ಅಳೆದು ನೋಡುತ್ತಾರೆ, ಬೈಯುತ್ತಾರೆ ಅಂತ ಅವಳು ಎಣಿಸಿದ್ದಳು. ತಮ್ಮ ಕಣ್ಣಿಗಿಂತ ಅವಳ ಮಾತನ್ನೇ ಹೆಚ್ಚು ನಂಬುತ್ತಾರೆ ಅಂತ ಎಣಿಸಿರಲಿಲ್ಲ.

ಶಿಬಿರದ ಮೊದಲ ದಿನ ಹದಿನೆಂಟು ಮಕ್ಕಳು ಬಂದರು. ಕೆಂಪು ಟೋಪಿಯ ಹುಡುಗಿಯೂ ಬಂದಳು. ಅವಳಿಗೆ ಗೂಡಿನ ವಿಷಯ ಮೊದಲೇ ಗೊತ್ತು, ಉಳಿದ ಆಟವೆಲ್ಲ ಬಿಟ್ಟು ನೇರ ಕುರ್ಚಿ ತಿರುಗಿಸಿಕೊಂಡು ದಾರಿಗೆ ಬಂದಳು. ಅವಳ ಅಮ್ಮ ಹಿಂದೆ ಹೊರಟರೆ ಮೇಷ್ಟ್ರು ಕೈ ಅಡ್ಡ ಹಿಡಿದು, "ಬೇಡಿ ತಾಯಿ, ಹೋಗ್ತಾಳೆ," ಎಂದರು. ಪಾತಿಯ ಹಿಂದೆ ಬಗ್ಗಿ ಕಳೆ ಕೀಳುತ್ತಿದ್ದ ಸಸಿಯಮ್ಮ ಬಗ್ಗಿಕೊಂಡೇ ನೋಡಿದಳು.

ಮೊದಲ ತಿರುವನ್ನು ಹುಡುಗಿ ಹಾಡು ಗುನುಗುತ್ತಾ ದಾಟಿದಳು. ಮುಂದೆ ಸ್ವಲ್ಪ ದೂರ ಹೋದ ಮೇಲೆ ಹಾಡು ನಿಂತಿತು. ಮರದ ಹತ್ತಿರ ಚಕ್ರವೂ ನಿಂತಿತು. ಎರಡು ಕೈಯಲ್ಲೂ ಒತ್ತಿದಳು, ಒಂದು ಗೇಣು ಮುಂದೆ ಹೋಯಿತು, ಅಷ್ಟೇ ಹಿಂದೆ ಬಂತು. ಇನ್ನೊಮ್ಮೆ ಒತ್ತಿದಳು. ಟೋಪಿ ಜಾರಿ ಕಣ್ಣಿನ ಮೇಲೆ ಬಿತ್ತು, ಸರಿ ಮಾಡಿಕೊಳ್ಳಲು ಕೈ ಬಿಟ್ಟರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ, ಹಾಗೇ ಕೂತಳು. ನರ್ಸ್ ಒಬ್ಬಳು ಓಡಿ ಬಂದು ತಳ್ಳಿಕೊಂಡು ಹೋದಳು.

ಗೂಡಿನ ಬಾಗಿಲಲ್ಲಿ ಹುಡುಗಿ ಕುರ್ಚಿ ನಿಲ್ಲಿಸಲು ಹೇಳಿ, "ನೀವು ಬಂದ್ರಲ್ಲ ಅಕ್ಕಾ, ಈಗ ಇದು ದೊಡ್ಡವರ ಜಾಗ ಆಗೋಯ್ತು," ಅಂದಳಂತೆ. ಒಳಗೆ ಹೋಗಲೇ ಇಲ್ಲ. ಅಳಲೂ ಇಲ್ಲ, ವಾಪಸು ಕೆಳಗೆ ತಳ್ಳಿಸಿಕೊಂಡು ಬಂದಳು.

ಮಧ್ಯಾಹ್ನ ಮೇಷ್ಟ್ರು ನೀರು ತುಂಬಿದ ಪಾರದರ್ಶಕ ಪೈಪು ತಂದು, ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ಸಸಿಯಮ್ಮನ ಕೈಗೇ ಕೊಟ್ಟು ಏರು ಅಳೆದರು. ಇಪ್ಪತ್ತಕ್ಕೆ ಒಂದು ಇರಬೇಕಾದದ್ದು ಹದಿನೈದಕ್ಕೆ ಒಂದು ಆಗಿತ್ತು. ಪೈಪಿನೊಳಗಿನ ನೀರು ಅವಳ ತುದಿಯಲ್ಲಿ ನಿಲ್ಲದೆ ಕುಣಿಯುತ್ತಿತ್ತು.

"ಅಲ್ಲಾಡಿಸಬೇಡ," ಎಂದರು ಮೇಷ್ಟ್ರು. ಸಂಜೆ ಆಫೀಸಿನ ಮೇಡಂ ಹತ್ತಿರ ಹೋಗಿ, "ತಪ್ಪು ಅಳತೆ ಕೊಟ್ಟೆ ಮೇಡಂ. ನನಗೆ ವಯಸ್ಸಾಯ್ತು," ಎಂದು ಹೇಳಿ ಬಂದರು. ಸಸಿಯಮ್ಮ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಬಾಗಿಲು ಎರಡೇ ಮಾರು ದೂರದಲ್ಲಿತ್ತು.

ಆಮೇಲೆ ಮೇಷ್ಟ್ರು ಕೆಲಸ ಹಿಡಿಯಲಿಲ್ಲ. ಯಾರಾದರೂ ತೋಟ ಮಾಡಿಕೊಡಿ ಅಂತ ಬಂದರೆ, "ಕಣ್ಣು ಹೋಯ್ತಪ್ಪ, ಬೇರೆಯವರನ್ನ ನೋಡು," ಎನ್ನುವರು. ಕಣ್ಣಿಗೆ ಏನೂ ಆಗಿರಲಿಲ್ಲ.

ಮುಂದಿನ ಬೇಸಿಗೆಯ ಪಟ್ಟಿಯಲ್ಲಿ ಕೆಂಪು ಟೋಪಿಯ ಹುಡುಗಿಯ ಹೆಸರಿರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳುವ ಪದ್ಧತಿ ಆ ಶಿಬಿರದಲ್ಲಿಲ್ಲ.

ಸಸಿಯಮ್ಮ ಅಲ್ಲೇ ಮಾಲಿಯಾಗಿ ಉಳಿದಳು. ಬಿಟ್ಟುಹೋಗೋಣ ಅನ್ನಿಸುತ್ತಿತ್ತು, ಹೋದರೆ ತಪ್ಪಿಸಿಕೊಂಡು ಓಡಿದ ಹಾಗೆ ಅಂತಲೂ ಅನ್ನಿಸುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಮಕ್ಕಳನ್ನು ದೊಡ್ಡವರು ತಳ್ಳಿಕೊಂಡು ಹತ್ತುವರು, ಗೂಡಿನಲ್ಲಿ ಅಪ್ಪಂದಿರು ಅಮ್ಮಂದಿರು ಕೂತು ಫೋಟೋ ತೆಗೆಸಿಕೊಳ್ಳುವರು. ಆಫೀಸಿನ ಮೇಡಂ ಮರದ ಕೆಳಗೆ ನಿಂತು, "ಈ ಮರ ಉಳಿಸಿದ್ದು ಎಷ್ಟು ಒಳ್ಳೇದಾಯ್ತು ನೋಡಿ ಸಸಿಯಮ್ಮ, ಎಂಥ ನೆರಳು!" ಎಂದಾಗ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಆ ಮರದ ಕೆಳಗೆ ಬುತ್ತಿ ಬಿಚ್ಚುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಎರಡು ಮೂರು ತಿಂಗಳಿಗೊಮ್ಮೆ ಮೇಷ್ಟ್ರ ಮನೆಗೆ ಹೋಗುವಳು, ಕೈಯಲ್ಲಿ ಒಂದು ಸಸಿ ಹಿಡಿದು. ಇವತ್ತು ಹೇಳಿಬಿಡಬೇಕು ಅಂತಲೇ ಹೋಗುವುದು. ಮನೆಯಾಕೆ ಚಹಾ ತಂದಿಟ್ಟು, "ನಿಮ್ಮ ನೆನಪಿನ ಶಕ್ತಿ ಇವತ್ತಿಗೂ ಹೊಗಳ್ತಾರೆ ಇವರು. ಸಸಿಯಮ್ಮ ಸರಿಯಾಗೇ ಹಾಕಿದ್ಲು, ನಾನೇ ತಪ್ಪು ಹೇಳಿಕೊಟ್ಟೆ ಅಂತಾರೆ," ಎನ್ನುವರು. ಚಹಾ ಅರ್ಧಕ್ಕೇ ಬಿಟ್ಟು ಏಳುವಳು. ಸಸಿ ಕೊಟ್ಟು ಬರುವಳು. ಹೀಗೆ ಆರು ವರ್ಷದಲ್ಲಿ ಮೇಷ್ಟ್ರ ಮನೆಯ ಕಟ್ಟೆಯೆಲ್ಲ ಕುಂಡಗಳೇ ತುಂಬಿಹೋದವು.

ಆರನೇ ವರ್ಷ, ಬೇಸಿಗೆ ಹತ್ತಿರವಾಗುತ್ತಿದ್ದಾಗ, ಮೇಷ್ಟ್ರು ಹಾಸಿಗೆ ಹಿಡಿದರೆಂದು ತಿಳಿಯಿತು. ಆ ದಿನ ಅವಳು ಬರಿಗೈಯಲ್ಲಿ ಹೋದಳು. ಮನೆಯಾಕೆ ಔಷಧಿ ತರಲು ಹೊರಗೆ ಹೋಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಐವತ್ನಾಲ್ಕು ಇದ್ದದ್ದನ್ನು ನಲವತ್ತೈದು ಮಾಡಿದ್ದು, ಗಾರೆ ಮೇಸ್ತ್ರಿಗೆ ಸುಳ್ಳು ಹೇಳಿದ್ದು, ಕಂಬಕ್ಕೆ ಒರಗಿ ನಿಂತದ್ದು.

ಮೇಷ್ಟ್ರು ಅವಳ ಕಡೆ ಹೊರಳಿದರು.

"ನಿನ್ನದಾ ಮರ ಅದು?"

"ಹೂಂ."

"ಅವತ್ತೇ ಯಾಕೆ ಹೇಳಲಿಲ್ಲ? ನಾನೇ ಸುತ್ತಿಸಿ ಕೊಡ್ತಿದ್ದೆನಲ್ಲೇ! ಮರದ ಈಚೆಗೇ ತಿರುಗಿಸಿ, ನೀರಿನ ತೊಟ್ಟಿ ಕಡೆಗೆ ಇನ್ನೊಂದು ತಿರುವು ಕೊಟ್ಟಿದ್ರೆ ಮರಾನೂ ಉಳೀತಿತ್ತು, ಏರೂ ಉಳೀತಿತ್ತು. ಅರ್ಧ ದಿನದ ಕೆಲಸ."

ಈ ಮಾತಿಗೆ ಸಸಿಯಮ್ಮ ಸಿದ್ಧಳಾಗಿ ಬಂದಿರಲಿಲ್ಲ. ಮರವೋ ಮಕ್ಕಳೋ ಅಂತ ಆರು ವರ್ಷ ತಕ್ಕಡಿ ಹಿಡಿದು ಕೊರಗಿದ್ದಳು. ಎರಡೂ ಆಗುತ್ತಿತ್ತು, ಬಾಯಿ ಬಿಟ್ಟು ಕೇಳಿದ್ದರೆ. ಸೆರಗು ಬಾಯಿಗೆ ಒತ್ತಿಕೊಂಡು, "ನಿಮ್ಮ ಕೆಲಸ ಹಾಳು ಮಾಡಿದೆ ಮೇಷ್ಟ್ರೇ," ಎಂದಳು.

"ನನ್ನ ವಿಷಯ ಬಿಡು," ಎಂದರು ಅವರು, ಗದರುವ ದನಿಯಲ್ಲೇ. "ಆರು ಬೇಸಿಗೆ. ಎಷ್ಟು ಮಕ್ಕಳು ಬಂದುಹೋದ್ವು?"

"ನೂರರ ಮೇಲೆ."

ಮೇಷ್ಟ್ರು ಕಣ್ಣು ಮುಚ್ಚಿದರು. ಕ್ಷಮಿಸಿದೆ ಅಂತ ಅವರು ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಆಮೇಲೆ ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದರು. ಮೊದಲ ತಿರುವಿನಿಂದ ನಲವತ್ತು. ಅಲ್ಲಿಂದ ತೊಟ್ಟಿಯ ಕಡೆಗೆ ನಲವತ್ನಾಲ್ಕು. ಅಲ್ಲಿ ಮೂರನೇ ತಿರುವು. ಅವಳು ಒಪ್ಪಿಸಿದಳು. ಅವರು ಮತ್ತೆ ಹೇಳಿಸಿದರು.

"ಈ ಸಲ ಮಕ್ಕಳು ಬರೋದಕ್ಕೆ ಎಷ್ಟು ದಿನ ಇದೆ?"

"ನಲವತ್ತು ದಿನ."

"ಸಾಕು. ಹಳೇ ಸಿಮೆಂಟು ಒಡೆಯೋಕೆ ಒಂದು ವಾರ, ಹೊಸದು ಗಟ್ಟಿಯಾಗೋಕೆ ಮೂರು ವಾರ. ಆಫೀಸಿನ ಮೇಡಂಗೆ ಹೋಗಿ ಹೇಳು."

"ಮೇಷ್ಟ್ರು ಹೊಸ ಅಳತೆ ಕೊಟ್ಟಿದಾರೆ ಅಂತ ಹೇಳ್ತೀನಿ."

"ಹಾಗೆ ಹೇಳಿದ್ರೆ ಅವರು ಯಾಕೆ ಒಡೀತಾರೆ? ಒಂದ್ಸಲ ತಪ್ಪಿದ ಮುದುಕ, ಈಗ ಹಾಸಿಗೆ ಮೇಲಿಂದ ಅಳತೆ ಕಳಿಸಿದಾನೆ ಅಂತಾರೆ." ಉಸಿರು ಕಟ್ಟಿ ಕೆಮ್ಮು ಬಂತು. ಸಸಿಯಮ್ಮ ನೀರು ಕುಡಿಸಿದಳು. ಲೋಟ ಪಕ್ಕಕ್ಕಿಟ್ಟು ಅವರು ಅವಳನ್ನೇ ನೋಡಿದರು. "ಹೋದ ಸಲ ತಪ್ಪಿದ್ದು ಅಳತೆ ಅಲ್ಲ ಅಂತ ಗೊತ್ತಾದ್ರೆ ಮಾತ್ರ ಈ ಸಲದ ಅಳತೆ ನಂಬ್ತಾರೆ. ಯಾರು ಗೆರೆ ಒಳಗೆ ತಂದಿದ್ದು, ಯಾಕೆ ತಂದಿದ್ದು, ಎಲ್ಲ ಹೇಳಬೇಕು. ಗಾರೆಯವರ ಎದುರಿಗೆ, ನರ್ಸುಗಳ ಎದುರಿಗೆ. ನಿನ್ನ ಬಾಯಲ್ಲೇ."

ಸಸಿಯಮ್ಮ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆಫೀಸು ಐದು ಗಂಟೆಗೆ ಮುಚ್ಚುತ್ತೆ," ಎಂದರು ಮೇಷ್ಟ್ರು. "ಇವತ್ತೇ ಹೋಗ್ತೀಯಾ?"